ಹಳೇ ಕ್ಯಾಮೆರಾ ಕೊಳ್ಳುವ ಮುಂಚೆ ಲೆನ್ಸಿಗೆ ಟಾರ್ಚ್ ಬಿಡಿ
ಹಳೇ ರೀಲ್ ಕ್ಯಾಮೆರಾ ಕೊಳ್ಳುವಾಗ ಹಿಂದಿನ ಬಾಗಿಲು ತೆಗೆದು (ಒಳಗೆ ರೀಲ್ ಇಲ್ಲ ತಾನೇ, ಮೊದಲು ಕೇಳಿಕೊಳ್ಳಿ), ಶಟರ್ 'ಬಿ'ಗೆ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುವ ಸೆಟ್ಟಿಂಗ್) ಇಟ್ಟು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ಬಟನ್ ಒತ್ತಿ ಹಿಡಿಯಿರಿ. ಮುಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಹಿಂದಿನಿಂದ ನೋಡಿ. ನೇರ ಬೆಳಕಿನಲ್ಲಿ ಕಾಣದ ಫಂಗಸ್ (ತೇವಕ್ಕೆ ಲೆನ್ಸಿನೊಳಗೆ ಬೆಳೆಯುವ ಬೂಷ್ಟು) ಓರೆ ಬೆಳಕು ಬಿದ್ದ ಕೂಡಲೇ ಜೇಡರ ಬಲೆಯಂತೆ ಹೊಳೆಯುತ್ತದೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆಗಾಲವನ್ನು ಚರ್ಮದ ಕೇಸಿನೊಳಗೇ ಕಳೆದ ಕ್ಯಾಮೆರಾ ಆದರೆ ಇದನ್ನು ನೋಡದೆ ದುಡ್ಡು ಕೊಡಬೇಡಿ. ನಾಲ್ಕಾರು ಧೂಳಿನ ಚುಕ್ಕೆ ಇದ್ದರೆ ಇರಲಿ, ಫೋಟೋದಲ್ಲಿ ಕಾಣಲ್ಲ. ಬ್ಯಾಟರಿಯಿಂದ ಶಟರ್ ನಡೆಯುವ ಕೆಲವು ಕ್ಯಾಮೆರಾಗಳಲ್ಲಿ ಬ್ಯಾಟರಿ ಇಲ್ಲದಿದ್ದರೆ 'ಬಿ' ನಿಲ್ಲುವುದಿಲ್ಲ. ಅಂಥವಕ್ಕೆ ಹೀಗೆ ಬೆಳಕು ಹಾಯಿಸಿ ನೋಡಲು ಆಗುವುದಿಲ್ಲ, ಹಾಗಾಗಿ ರೇಟು ಇಳಿಸಿಯೇ ಮಾತಾಡಿ.