ಉಳಿದ ಉಲ್ಲನ್‌ನಲ್ಲಿ ನಾಯಿ, ಬೆಕ್ಕಿಗೊಂದು ಕ್ರೋಶಾ ಹಾಸು: ಪ್ಯಾಟರ್ನ್ ಬೇಡ, ತಕ್ಕಡಿ ಬೇಕು

ಅರ್ಧ ಉಂಡೆ, ಲೇಬಲ್ ಕಳೆದುಹೋದ ಲಡಿ, ಬಿಚ್ಚಿದ ಹಳೇ ಸ್ವೆಟರ್ ಇಷ್ಟನ್ನೇ ಇಟ್ಟುಕೊಂಡು ಹೆಣೆಯುವಾಗ ಯಾವ ಪ್ಯಾಟರ್ನೂ ಒದಗುವುದಿಲ್ಲ. ದಾರ ಎಷ್ಟಿದೆ, ಎಷ್ಟು ದಪ್ಪ ಎಂಬುದೇ ಗೊತ್ತಿರುವುದಿಲ್ಲ. ಹಾಗಾಗಿ ಸಾಕುಪ್ರಾಣಿಗಳ ಹಾಸನ್ನು ನಾನು ಮೂಲೆಯಿಂದ ಮೂಲೆಗೆ ಹೆಣೆಯುತ್ತೇನೆ. ಒಂದು ಮೂಲೆಯಲ್ಲಿ ಶುರುಮಾಡಿ ಅಗಲಿಸುತ್ತಾ ಹೋಗುವುದು, ತೂಕದಲ್ಲಿ ಅರ್ಧ ದಾರ ಮುಗಿದ ಕೂಡಲೇ ಕಿರಿದು ಮಾಡುತ್ತಾ ಬರುವುದು. ಚೌಕದ ಕರ್ಣ ಅದನ್ನು ಎರಡು ಸಮಪಾಲು ಮಾಡುತ್ತದೆ. ಇರುವ ದಾರಕ್ಕೆ ತಕ್ಕ ಹಾಸು ತಾನಾಗಿಯೇ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಸ್ವೆಟರ್ ಕೊಳ್ಳುವ ಮೊದಲು ಒಳಮೈ ತಿರುಗಿಸಿ ಪಕ್ಕದ ಜೋಡಣೆ ನೋಡಬೇಕು. ಅಂಚು ಓವರ್‌ಲಾಕ್ ಆಗಿದ್ದರೆ ಅಲ್ಲೇ ಬಿಟ್ಟುಬಿಡಿ: ಬಟ್ಟೆಯಂತೆ ಕತ್ತರಿಸಿ ಹೊಲಿದದ್ದು ಅದು, ಬಿಚ್ಚಿದರೆ ಸಾಲಿಗೊಂದು ತುಂಡು ಬರುತ್ತದೆ. ಎರಡು ಅಂಚನ್ನು ಸರಪಳಿ ಹೊಲಿಗೆಯಲ್ಲಿ ಸೇರಿಸಿದ್ದರೆ ಉದ್ದನೆಯ ದಾರ ಸಿಗುತ್ತದೆ. ಹಳೇ ಬಟ್ಟೆ ಹಿಂಜಿ ಮತ್ತೆ ನೂತ ದಾರವೂ ಬೇಡ. ಅದರ ನಾರು ಗಿಡ್ಡ, ಎರಡು ಕೈಯಲ್ಲಿ ಹಿಡಿದು ಎಳೆದರೆ ಪಟ್ಟನೆ ಕಡಿಯುತ್ತದೆ.

ಯಾವ ನಾರು ಎಂದು ತಿಳಿಯಲು ಒಂದು ಬೆರಳುದ್ದ ತುಂಡನ್ನು ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಅಕ್ರಿಲಿಕ್ ಕರಗಿ, ಕಪ್ಪು ಹೊಗೆ ಬಿಟ್ಟು ಗಟ್ಟಿ ಗುಳಿಗೆಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬರಿಸಿ ತಾನೇ ಆರುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಈ ಮೂರನ್ನೂ ಒಂದೇ ಹಾಸಿನಲ್ಲಿ ಬೆರೆಸಿದರೆ ಮೊದಲ ಬಿಸಿನೀರಿನ ಒಗೆತಕ್ಕೆ ಉಣ್ಣೆ ಕುಗ್ಗಿ ಗಂಟಾಗುತ್ತದೆ, ಅಕ್ರಿಲಿಕ್ ಹಾಗೇ ಉಳಿಯುತ್ತದೆ, ಹಾಸು ಸೊಟ್ಟಗಾಗುತ್ತದೆ. ನನ್ನ ಆಯ್ಕೆ ಅಕ್ರಿಲಿಕ್. ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಹತ್ತಿಯ ಹಾಸು ಒಣಗುವಷ್ಟರಲ್ಲಿ ಮುಗ್ಗಲು ಹಿಡಿದಿರುತ್ತದೆ.

ಬಿಚ್ಚಿದ ದಾರ ಸುರುಳಿ ಸುರುಳಿಯಾಗಿರುತ್ತದೆ. ಹಾಗೆಯೇ ಹೆಣೆದರೆ ಸ್ಟಿಚ್ ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಸೋಪಿನ ಬದಲು ಅಂಟುವಾಳದ ನೀರೂ ಆದೀತು. ಹಿಂಡದೆ ನೇತುಹಾಕಿ, ಕೆಳಗೆ ಒಂದು ಹ್ಯಾಂಗರ್ ಸಿಕ್ಕಿಸಿದರೆ ಆ ಭಾರಕ್ಕೇ ಸುರುಳಿ ಬಿಡುತ್ತದೆ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ದಾರವಾದರೆ ಎಚ್ಚರ: ನ್ಯಾಫ್ತಲೀನ್ ನಾಯಿ, ಬೆಕ್ಕುಗಳಿಗೆ ವಿಷ. ಒಗೆದು ಬಿಸಿಲಿಗೆ ಹಾಕಿದ ಮೇಲೂ ವಾಸನೆ ಉಳಿದಿದ್ದರೆ ಆ ದಾರವನ್ನು ಬೇರೆ ಕೆಲಸಕ್ಕೆ ಬಳಸಿ.

ಇನ್ನು ಲೆಕ್ಕ. ಎರಡು ಎಳೆ ಒಟ್ಟಿಗೆ, 6 ಮಿ.ಮೀ. ಕ್ರೋಶಾ ಕಡ್ಡಿ, ಸಿಂಗಲ್ ಕ್ರೋಶಾ ಎಂಬ ಗಿಡ್ಡನೆಯ ಸಾದಾ ಸ್ಟಿಚ್ (ಸ್ಟಿಚ್ ಹೆಸರುಗಳೆಲ್ಲ ಅಮೆರಿಕನ್ ಪದ್ಧತಿಯವು). ಮೊದಲು 10 ಸೆಂ.ಮೀ. ಚೌಕದ ತುಣುಕು ಹೆಣೆದು ತೂಗಿ. ಡಿಕೆ (ಡಬಲ್ ನಿಟಿಂಗ್, ತೀರಾ ದಪ್ಪವೂ ಅಲ್ಲ, ತೀರಾ ತೆಳುವೂ ಅಲ್ಲ) ದಪ್ಪದ ಎಳೆಗಳಲ್ಲಿ ನನ್ನ ಕೈಗೆ 12 ಸ್ಟಿಚ್, 14 ಸಾಲು, ಸುಮಾರು 8 ಗ್ರಾಂ. 70 ಸೆಂ.ಮೀ. ಚೌಕದ ಹಾಸಿನಲ್ಲಿ ಅಂಥ ತುಣುಕು 49, ಅಂದರೆ 392 ಗ್ರಾಂ. ಅಂಚಿಗೆಂದು 40 ಗ್ರಾಂ ಬೇರೆ. ಬೆಕ್ಕಿಗೆ 50 ಸೆಂ.ಮೀ. ಸಾಕು, ಅದಕ್ಕೆ 200 ಗ್ರಾಂ ಮತ್ತು ಅಂಚಿನ 30.

ಎರಡು ಎಳೆಗಳಲ್ಲಿ ಒಂದು ಉದ್ದಕ್ಕೂ ಒಂದೇ ಬಣ್ಣ ಇರಲಿ. ಬೂದು ಅಥವಾ ಕಂದು, ಕೂದಲು ಕಾಣದಿರುವಂಥದ್ದು. ಇನ್ನೊಂದು ಎಳೆಯಲ್ಲಿ ಮಾತ್ರ ಚೂರುಪಾರು ಬಣ್ಣಗಳು ಬದಲಾಗುತ್ತಾ ಹೋಗಲಿ. ಕಿತ್ತಾಡುವ ಬಣ್ಣಗಳೂ ಆಗ ಹೊಂದಿಕೊಳ್ಳುತ್ತವೆ. ಪ್ರತಿ ಬಣ್ಣವನ್ನೂ ತೂಗಿ ಎರಡು ಸಮ ಉಂಡೆ ಮಾಡಿಕೊಳ್ಳಿ: ಒಂದು ಅಗಲಿಸುವಾಗ, ಇನ್ನೊಂದು ಕಿರಿದು ಮಾಡುವಾಗ, ಹಿಂದುಮುಂದಾದ ಕ್ರಮದಲ್ಲಿ. ಬೂದು ಎಳೆಯನ್ನು ಬೇರೆಯೇ ತೂಗುತ್ತಿರಿ. ಬಣ್ಣದ್ದೋ ಬೂದಿನದೋ, ಯಾವುದು ಮೊದಲು ಅರ್ಧಕ್ಕೆ ಬಂತೋ ಅಲ್ಲೇ ಕಿರಿದು ಮಾಡಲು ಶುರುಮಾಡಬೇಕು.

ಹೆಣಿಗೆ ಸುಲಭ. 2 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯದರಲ್ಲಿ 3 ಸಿಂಗಲ್. ತಿರುಗಿಸಿ 1 ಚೈನ್. ಮೊದಲ ಸ್ಟಿಚ್‌ನಲ್ಲಿ 2, ಕೊನೆಯದರಲ್ಲಿ 2, ನಡುವೆ ಒಂದೊಂದು. ಸಾಲಿಗೆ ಎರಡು ಹೆಚ್ಚುತ್ತಾ 3, 5, 7 ಹೀಗೆ ಸಾಗುತ್ತದೆ. ಹೀಗೇ ಬಿಟ್ಟರೆ ಮೂಲೆ 90 ಡಿಗ್ರಿಗಿಂತ ಅಗಲವಾಗಿ ಚೌಕ ಡೈಮಂಡ್ ಆಗಿಬಿಡುತ್ತದೆ, ಏಕೆಂದರೆ ಸ್ಟಿಚ್‌ನ ಅಗಲ ಸಾಲಿನ ಎತ್ತರಕ್ಕಿಂತ ತುಸು ಹೆಚ್ಚು. 12ಕ್ಕೆ 14 ಅಂದರೆ 6ಕ್ಕೆ 7. ಹಾಗಾಗಿ ಪ್ರತಿ ಏಳನೇ ಸಾಲಿನಲ್ಲಿ ಹೆಚ್ಚಿಸದೆ ನೇರ ಹೆಣೆಯುತ್ತೇನೆ. ನಿಮ್ಮ ತುಣುಕಿನ ಲೆಕ್ಕ ಬೇರೆ ಬಂದರೆ ಅದರ ಪ್ರಕಾರ. ಇಳಿಯುವಾಗ ಎರಡು ತುದಿಯಲ್ಲೂ ಎರಡು ಸ್ಟಿಚ್ ಸೇರಿಸಿ ಒಂದು ಮಾಡಿ, ಅಲ್ಲೂ ಏಳನೇ ಸಾಲು ನೇರ.

ನಡುವಿನಿಂದ ಸುತ್ತು ಸುತ್ತಾಗಿ ಹೆಣೆಯುವ ಗ್ರ್ಯಾನಿ ಸ್ಕ್ವೇರ್ ಚೆಂದ ನಿಜ, ಆದರೆ ಅದರ ತೂತುಗಳಿಗೆ ಉಗುರು ಸಿಕ್ಕಿಕೊಂಡು ಪ್ರಾಣಿ ಗಾಬರಿಬಿದ್ದು ಎಳೆದಾಡುತ್ತದೆ. ಕುಚ್ಚು, ಗುಂಡಿ, ಪಾಂಪಾಮ್ ಬೇಡವೇ ಬೇಡ. ಬೆಕ್ಕು ನುಂಗಿದ ದಾರ ಕರುಳಿನಲ್ಲಿ ಸಿಕ್ಕಿ ಆಪರೇಷನ್‌ವರೆಗೂ ಹೋಗಬಹುದು. ಕಂಡದ್ದೆಲ್ಲ ಜಗಿಯುವ ಮರಿನಾಯಿಗಂತೂ ಕ್ರೋಶಾ ಹಾಸನ್ನೇ ಹಾಕಬಾರದು, ಹಳೇ ಬೆಡ್‌ಶೀಟ್ ಮಡಚಿ ಹಾಸಿ.

ತುದಿಗಳ ವಿಷಯದಲ್ಲಿ ಸೋಮಾರಿತನ ನಡೆಯದು. ಅಕ್ರಿಲಿಕ್ ಜಾರುವ ನಾರು, ಬರೀ ಗಂಟು ಕೆರೆತಕ್ಕೆ ಬಿಚ್ಚಿಕೊಳ್ಳುತ್ತದೆ. 15 ಸೆಂ.ಮೀ. ಬಾಲ ಬಿಟ್ಟು, ದಬ್ಬಳದಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಮತ್ತೆ ಬಲಕ್ಕೆ ಹಾಯಿಸಿ. ಪ್ರತಿ ತಿರುವಿನಲ್ಲೂ ಎಳೆಯ ನಡುವನ್ನೇ ಸೀಳಿಕೊಂಡು ಹೋಗಬೇಕು. ಎರಡು ಎಳೆಗಳ ಜೋಡಣೆ ಒಂದೇ ಜಾಗಕ್ಕೆ ಬರದಂತೆ ಹತ್ತು ಸ್ಟಿಚ್‌ನ ಅಂತರವಾದರೂ ಇರಲಿ, ಇಲ್ಲವಾದರೆ ಮೊದಲು ಹರಿಯುವುದು ಅಲ್ಲೇ. ಅಂಚಿಗೆ ಸುತ್ತಲೂ ಎರಡು ಸುತ್ತು ಸಿಂಗಲ್, ಮೂಲೆಯಲ್ಲಿ ಮಾತ್ರ 3. ಅಂಚು ಅಲೆಯಲೆಯಾದರೆ ಸ್ಟಿಚ್ ಹೆಚ್ಚಾಗಿದೆ, ಬಟ್ಟಲಿನಂತೆ ಮುದುಡಿದರೆ ಕಡಿಮೆಯಾಗಿದೆ. ಎರಡನೇ ಸುತ್ತಿಗೆ ಮೊದಲೇ ಬಿಚ್ಚಿ ಸರಿಮಾಡಿ.

ಒಗೆಯುವ ಮೊದಲು ಕೂದಲನ್ನು ಒದ್ದೆ ರಬ್ಬರ್ ಗ್ಲೌಸಿನಲ್ಲಿ ಉಜ್ಜಿ ತೆಗೆದು, ದಿಂಬಿನ ಕವರಿನಲ್ಲಿ ಕಟ್ಟಿ ಮೆಷಿನ್‌ಗೆ ಹಾಕಿ. 40 ಡಿಗ್ರಿಗಿಂತ ಹೆಚ್ಚು ಬಿಸಿ ಬೇಡ. ಇಸ್ತ್ರಿ ಮುಟ್ಟಿಸಿದರೆ ಅಕ್ರಿಲಿಕ್ ಜೋತುಬಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಉಗುರು ಎಳೆದ ಕುಣಿಕೆಯನ್ನು ಕತ್ತರಿಸಬಾರದು. ದಬ್ಬಳದಿಂದ ಅಕ್ಕಪಕ್ಕದ ಸ್ಟಿಚ್‌ಗಳಿಗೆ ಸ್ವಲ್ಪ ಸ್ವಲ್ಪವೇ ಹಂಚಿದರೆ ಒಳಗೆ ಸರಿಯುತ್ತದೆ. ಹರಿದೇ ಹೋಗಿದ್ದರೆ ಮೇಲೊಂದು ಚೌಕ ತುಣುಕು ಇಟ್ಟು ಹೊಲಿಯಿರಿ. ಮೊದಲು ತೂಗಲು ಹೆಣೆದ ಆ 10 ಸೆಂ.ಮೀ. ತುಣುಕನ್ನು ಇದಕ್ಕೆಂದೇ ಎತ್ತಿಟ್ಟಿರಬೇಕು.