ಮನೆ ನಂಬರಿನಿಂದ ಶುರು ಮಾಡಿದೆ: ಲುಬ್ಲಿನ್ ನಗರಸಭೆ ಕಡತಗಳಲ್ಲಿ ಯಹೂದಿ ಬದುಕು

ಪೋಲೆಂಡಿನ ಪೂರ್ವಕ್ಕಿರುವ ಲುಬ್ಲಿನ್ ಊರಿನಲ್ಲಿ 1931ರ ಜನಗಣತಿ ಹೊತ್ತಿಗೆ ಸುಮಾರು 1,12,000 ಜನ ಇದ್ದರು. ಅವರಲ್ಲಿ ಸುಮಾರು 39,000 ಮಂದಿ ಯಹೂದಿಗಳು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಈ ಜನರ ಬಗ್ಗೆ ಓದಲು ಹೊರಟರೆ ಮೊದಲು ಸಿಗುವುದು ಅವರು ಸತ್ತ ಕಥೆ. 1942ರ ಮಾರ್ಚ್, ಏಪ್ರಿಲ್‌ನಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಇಲ್ಲಿನ ಘೆಟ್ಟೋ ಖಾಲಿ ಮಾಡಿಸಿ, ಹೆಚ್ಚಿನವರನ್ನು ಬೆಲ್ಜೆಕ್ ಶಿಬಿರಕ್ಕೆ ಸಾಗಿಸಿ ಕೊಂದರು. ಅದನ್ನು ಬದಿಗಿಟ್ಟು ಲುಬ್ಲಿನ್ ಬಗ್ಗೆ ಮಾತಾಡಲು ಆಗುವುದಿಲ್ಲ. ಆದರೆ ಅದಕ್ಕೂ ಮುಂಚೆ ಇವರು ಇಲ್ಲಿ ಹೇಗಿದ್ದರು? ಮಳೆಗಾಲದಲ್ಲಿ ಯಾರ ಮನೆ ಸೋರುತ್ತಿತ್ತು, ಅದಕ್ಕೆ ಯಾರ ಹತ್ತಿರ ದೂರು ಕೊಡುತ್ತಿದ್ದರು? ನನಗೆ ಬೇಕಿದ್ದದ್ದು ಅದು. ಹಾಗಾಗಿ 1918ರಿಂದ 1939ರವರೆಗಿನ ನಗರಸಭೆಯ ಕಡತಗಳನ್ನು ಹಿಡಿದೆ.

ಇವು ಇರುವುದು ಲುಬ್ಲಿನ್‌ನ ಸರ್ಕಾರಿ ಪತ್ರಾಗಾರದಲ್ಲಿ. ಹಳೇ ಪೇಟೆಯ ಯೆಜುಯಿತ್ಸ್ಕಾ ಬೀದಿಯಲ್ಲಿದೆ. ಅಲ್ಲಿಂದ ಗ್ರೋದ್ಸ್ಕಾ ಬೀದಿಯ ಹೆಬ್ಬಾಗಿಲಿಗೆ ನಡೆದೇ ಹೋಗಬಹುದು. ಹಿಂದೆ ಆ ಬಾಗಿಲು ದಾಟಿದರೆ ಯಹೂದಿಗಳ ಪೇಟೆ, ಪೊದ್ಜಾಮ್ಚೆ.

ಬಹಳ ಜನ ಇಂಥ ಕೆಲಸವನ್ನು ಹೆಸರಿನಿಂದ ಶುರು ಮಾಡುತ್ತಾರೆ. ನಾನು ಮನೆಯಿಂದ ಶುರು ಮಾಡಿದೆ. ಕಾರಣ ಇದೆ. ಮನೆಯಲ್ಲಿ ಇಟ್ಸಿಕ್ ಅಂತ ಕರೆಸಿಕೊಳ್ಳುವವನು ಒಂದು ಕಾಗದದಲ್ಲಿ ಇತ್ಸೆಕ್, ಇನ್ನೊಂದರಲ್ಲಿ ಇಜಾಕ್ ಆಗಿರುತ್ತಾನೆ. 1915ರವರೆಗೆ ಊರು ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಹಾಗಾಗಿ ಅಲ್ಲಿಯವರೆಗಿನ ಕಾಗದ ರಷ್ಯನ್‌ನಲ್ಲಿ, ಆಮೇಲಿನವು ಪೋಲಿಷ್‌ನಲ್ಲಿ. ಹೆಸರು ಹೀಗೆ ಹತ್ತು ರೂಪದಲ್ಲಿ ಓಡಾಡುತ್ತದೆ. ಮನೆ ಮಾತ್ರ ಇದ್ದಲ್ಲೇ ಇರುತ್ತದೆ. ನಗರಸಭೆಯ ಕಟ್ಟಡ ತಪಾಸಣೆ ವಿಭಾಗದವರು ಬೀದಿ ಬೀದಿಯ ಮನೆಗಳಿಗೆ ಕಡತ ಇಟ್ಟಿದ್ದರು. ನಕ್ಷೆ, ರಿಪೇರಿ ಆದೇಶ, ಮಾಲೀಕರ ಅರ್ಜಿ, ಬಾಡಿಗೆದಾರರ ದೂರು ಎಲ್ಲ ಅದರಲ್ಲೇ. ನಮ್ಮ ಕಡೆ ಒಂದು ಮನೆಯ ಖಾತೆ, ಪ್ಲ್ಯಾನು, ಜಗಳದ ಪತ್ರ ಒಂದೇ ಕಟ್ಟಿನಲ್ಲಿ ಸಿಕ್ಕ ಹಾಗೆ.

ಮನೆಗೆ ಎರಡು ನಂಬರ್ ಇರುತ್ತಿತ್ತು ಅನ್ನುವುದನ್ನು ಮೊದಲೇ ತಿಳಿದುಕೊಳ್ಳಬೇಕು. ಒಂದು ಆಸ್ತಿ ದಾಖಲೆಯ ನಂಬರ್. ಇನ್ನೊಂದು ಬೀದಿಯಲ್ಲಿ ಬಾಗಿಲ ಮೇಲೆ ಬರೆದಿರುತ್ತಿದ್ದ ನಂಬರ್, ಅದಕ್ಕೆ ಪೊಲೀಸ್ ನಂಬರ್ ಅನ್ನುತ್ತಿದ್ದರು. ಒಂದು ಕಾಗದ ಇದನ್ನು ಹೇಳುತ್ತದೆ, ಮತ್ತೊಂದು ಅದನ್ನು. ನಾನು ಪ್ರತಿ ಬೀದಿಗೂ ಒಂದು ಪಟ್ಟಿ ಮಾಡಿಕೊಂಡೆ: ಎರಡೂ ನಂಬರ್, ಮಾಲೀಕರ ಹೆಸರಿನ ಎಲ್ಲ ರೂಪ, ಯಾವ ವರ್ಷದ ಕಾಗದ. ಬೇಜಾರಿನ ಕೆಲಸ. ಆದರೆ ಈ ಪಟ್ಟಿ ಇಲ್ಲದೆ ಮುಂದಿನದ್ದು ಯಾವುದೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಯುದ್ಧಕ್ಕೆ ಮುಂಚಿನ ನಕ್ಷೆಯೂ ಬೇಕು. ಜರ್ಮನ್ನರು ಪೊದ್ಜಾಮ್ಚೆಯನ್ನು ಕೆಡವಿಹಾಕಿದರು. ಅಲ್ಲಿ ಮುಖ್ಯ ಬೀದಿಯಾಗಿದ್ದ ಶೆರೋಕಾ ಇವತ್ತಿನ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಕೋಟೆಯ ಮುಂದಿನ ಈಗಿನ ಚೌಕ ಯುದ್ಧದ ನಂತರ ಕಟ್ಟಿದ್ದು. ಯಹೂದಿಗಳ ಭಕ್ತಿಪಂಥವಾದ ಹಸೀದಿಯ ಗುರು ಯಾಕೊವ್ ಯಿತ್ಸ್‌ಹಾಕ್ ಹೊರೊವಿತ್ಸ್, ಅಂದರೆ 'ಲುಬ್ಲಿನ್‌ನ ದ್ರಷ್ಟಾರ', ಇದ್ದ ಶೆರೋಕಾ 28ನೇ ಮನೆಯೂ ಹಾಗೆ ಹೋಯಿತು.

ಈ ಕಡತಗಳಲ್ಲಿ ಹಬ್ಬ, ಪ್ರಾರ್ಥನೆ ಅಷ್ಟಾಗಿ ಇಲ್ಲ. ಮುರಿದ ಮೆಟ್ಟಿಲು, ಬೀಳುವ ಹಾಗಿರುವ ಬಾಲ್ಕನಿ, ಅಂಗಳದ ಕಕ್ಕಸು, ಹೊಸ ಅಂಗಡಿ ಬಾಗಿಲಿಗೆ ಅನುಮತಿ ಇವೇ ಜಾಸ್ತಿ. ಅಧಿಕಾರಿಗಳ ಬರಹ ಓದುತ್ತಾ ಹೋದರೆ ಪೊದ್ಜಾಮ್ಚೆ ಅಂದರೆ ಬರೀ ಕೊಳಕು ಅನ್ನಿಸಿಬಿಡುತ್ತದೆ. ಇಲ್ಲಿ ಹುಷಾರಾಗಿರಬೇಕು. ಆ ಪೇಟೆ ಚೆಹುವ್ಕಾ ನದಿಯ ಹತ್ತಿರದ ತಗ್ಗು ಜಾಗ. ಗೋಡೆಗೆ ತೇವ ಏರುವುದು ಅಲ್ಲಿ ವಾಸವಿದ್ದವರ ತಪ್ಪಲ್ಲ. 1924ರಲ್ಲಿ ಪೋಲೆಂಡ್ ಬಾಡಿಗೆದಾರರ ರಕ್ಷಣೆಗೆ ಕಾನೂನು ತಂದಿತು. ಹಳೇ ಮನೆಗಳ ಬಾಡಿಗೆಗೆ ಮಿತಿ ಬಿತ್ತು. ಬಡ ಬಾಡಿಗೆದಾರರಿಗೆ ಅದರಿಂದ ಉಸಿರಾಡುವಷ್ಟು ಜಾಗ ಸಿಕ್ಕಿತು, ನಿಜ. ಆದರೆ ಮಾಲೀಕನ ಕೈಯಲ್ಲಿ ರಿಪೇರಿಗೆ ದುಡ್ಡು ಉಳಿಯಲಿಲ್ಲ. ಎಷ್ಟೋ ಮಾಲೀಕರು ತಾವೇ ಅದೇ ಮನೆಯ ಒಂದು ಮೂಲೆಯಲ್ಲಿ ಇದ್ದ ಸಣ್ಣ ವ್ಯಾಪಾರಿಗಳು. 'ಎಷ್ಟು ಎಚ್ಚರಿಸಿದರೂ ರಿಪೇರಿ ಮಾಡಿಲ್ಲ' ಅನ್ನುವಂಥ ಷರಾ ಕಂಡರೆ ನಾನು ಮೊದಲು ನೋಡುವುದು ಎಷ್ಟು ಮಂದಿ ಬಾಡಿಗೆಗೆ ಇದ್ದರು, ಎಷ್ಟು ವಾರಸುದಾರರ ನಡುವೆ ಆಸ್ತಿ ಹಂಚಿಹೋಗಿತ್ತು ಅಂತ. ಉತ್ತರ ಬಹುಪಾಲು ಅಲ್ಲೇ ಸಿಗುತ್ತದೆ.

ನೀರಿನ ಕಥೆಯೂ ಇದೇ ಕಾಗದಗಳಲ್ಲಿದೆ. 1920ರ ದಶಕದಲ್ಲಿ ನಗರಸಭೆ ಸಾಲ ಮಾಡಿ, ಉಲೆನ್ ಅನ್ನುವ ಅಮೆರಿಕನ್ ಕಂಪನಿಯಿಂದ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಂದ್ರ, ಕಸಾಯಿಖಾನೆ ಕಟ್ಟಿಸಿತು. ಬೀದಿಗೆ ಕೊಳವೆ ಬಂದ ಮಾತ್ರಕ್ಕೆ ಮನೆಗೆ ನೀರು ಬರುವುದಿಲ್ಲ, ಅಲ್ವಾ? ಜೋಡಣೆಯ ಖರ್ಚು ಇದೆ. ಒಳಚರಂಡಿ ಜೋಡಣೆಯ ನಕ್ಷೆ ಯಾವ ಮನೆಯದು ಯಾವ ವರ್ಷದ್ದು ಅಂತ ಬರೆದಿಟ್ಟುಕೊಂಡರೆ, ಯಾವ ಬೀದಿಯವರ ಕೈಯಲ್ಲಿ ಸ್ವಲ್ಪ ಹಣ ಆಡುತ್ತಿತ್ತು ಅನ್ನುವುದು ಹೊಳೆಯುತ್ತದೆ.

ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ನಗರಸಭೆಯ ಜಗಳಗಳು. ಯಹೂದಿಗಳಿಗೆ ತಮ್ಮದೇ ಒಂದು ಸಮುದಾಯ ಮಂಡಳಿ ಇತ್ತು, ಕೆಹಿಲಾ. ರಬ್ಬಿಯ (ಧರ್ಮಗುರುವಿನ) ಸಂಬಳ, ಸ್ಮಶಾನ, ಧರ್ಮಸ್ನಾನದ ಮನೆ ಅದರ ಪಾಲು. ರಸ್ತೆ, ಮಾರುಕಟ್ಟೆ, ನೀರು ನಗರಸಭೆಯ ಪಾಲು. ಯಾವ ವಿಷಯ ಯಾರದ್ದು ಅಂತ ಬೇರ್ಪಡಿಸಿಕೊಳ್ಳದಿದ್ದರೆ ಹುಡುಕಾಟ ದಾರಿ ತಪ್ಪುತ್ತದೆ. 1919ರ ಹೊತ್ತಿಗೆ ನಗರಸಭೆಗೆ ಎಲ್ಲರೂ ಮತ ಹಾಕುವ ಚುನಾವಣೆ ಬಂತು, ಹೆಂಗಸರೂ ಸೇರಿ. ಯಹೂದಿಗಳು ಒಂದೇ ಪಕ್ಷವಾಗಿ ಬರಲಿಲ್ಲ. ಸಂಪ್ರದಾಯಸ್ಥರ ಅಗೂದಾ, ಪ್ಯಾಲೆಸ್ಟೈನ್ ಕಡೆ ಮುಖ ಮಾಡಿದ ಜಿಯೋನಿಸ್ಟರು, 'ನಾವು ಇಲ್ಲಿಯವರೇ, ನಮ್ಮ ಭಾಷೆ ಯಿದ್ದಿಶ್' ಎನ್ನುವ ಸಮಾಜವಾದಿ ಬುಂಡ್. ಯಿದ್ದಿಶ್ ಅಂದರೆ ಅಲ್ಲಿನ ಯಹೂದಿಗಳ ಮನೆಮಾತು. ಯಿದ್ದಿಶ್ ಶಾಲೆಗೆ ನಗರಸಭೆ ಅನುದಾನ ಕೊಡಬೇಕೋ ಬೇಡವೋ, ಅನಾಥಾಲಯಕ್ಕೆ ಎಷ್ಟು, ಯಹೂದಿ ಆಸ್ಪತ್ರೆಗೆ ಎಷ್ಟು ಅನ್ನುವಂಥ ಮಾತಿಗೆ ಇವರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದರು. ಇಡೀ ಸಮುದಾಯ ಒಂದೇ ದನಿಯಲ್ಲಿ ಮಾತಾಡಿತು ಅಂತ ಬರೆಯುವವರನ್ನು ನಾನು ನಂಬುವುದಿಲ್ಲ. ಕಾಗದ ಹಾಗೆ ಹೇಳುವುದಿಲ್ಲ.

ಸಭೆಯ ನಡಾವಳಿ ಮಾತ್ರ ತೀರಾ ಒಣ. ಗಂಟೆಗಟ್ಟಲೆ ವಾದ ಒಂದು ಸಾಲಿಗೆ ಇಳಿದಿರುತ್ತದೆ. ಅದಕ್ಕೇ ನಾನು ಯಿದ್ದಿಶ್ ಓದಲು ಕಲಿತೆ. 'ಲುಬ್ಲಿನರ್ ತುಗ್‌ಬ್ಲಾತ್' ಅನ್ನುವ ಯಿದ್ದಿಶ್ ದಿನಪತ್ರಿಕೆ 1918ರಿಂದ 1939ರವರೆಗೆ ಇಲ್ಲಿಂದಲೇ ಬರುತ್ತಿತ್ತು. ನಡಾವಳಿಯ ತಾರೀಖು ಹಿಡಿದು, ಅದರ ಮಾರನೇ ದಿನಗಳ ಪತ್ರಿಕೆ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಪೋಲಿಷ್ ಕಾಗದ ನಿರ್ಣಯ ಹೇಳುತ್ತದೆ, ಯಿದ್ದಿಶ್ ಕಾಗದ ಸಿಟ್ಟು ಹೇಳುತ್ತದೆ.

ಕೆಲವು ಸಲ ಕಾನೂನು ಗೊತ್ತಿಲ್ಲದೆ ಕಡತ ಅರ್ಥವೇ ಆಗುವುದಿಲ್ಲ. 1919ರ ಕೊನೆಯಲ್ಲಿ ಭಾನುವಾರ ಅಂಗಡಿ ಮುಚ್ಚಲೇಬೇಕು ಅಂತ ಆಯಿತು. ಶನಿವಾರ ಸಬ್ಬತ್, ಧರ್ಮ ಪಾಲಿಸುವವನು ಅಂಗಡಿ ತೆರೆಯುವಂತಿಲ್ಲ. ಹೀಗೆ ವಾರಕ್ಕೆ ಎರಡು ದಿನದ ವ್ಯಾಪಾರ ಹೋಯಿತು. ಭಾನುವಾರ ಹಿಂಬಾಗಿಲಿನಿಂದ ವ್ಯಾಪಾರ ಮಾಡಿ ದಂಡ ಕಟ್ಟಿದವರ ಹಿಂದೆ ಇರುವ ಲೆಕ್ಕ ಇದು. 1936ರಲ್ಲಿ ಯಹೂದಿ ಪದ್ಧತಿಯ ಪ್ರಾಣಿವಧೆಗೆ ಮಿತಿ ಹಾಕುವ ಕಾನೂನು ಬಂದು, 1937ರಿಂದ ಜಾರಿಯಾಯಿತು. ಹೆಸರಿಗೆ ಪ್ರಾಣಿದಯೆ. ಆದರೆ ಹೊಡೆತ ಬಿದ್ದದ್ದು ಯಹೂದಿ ಕಟುಕರಿಗೆ, ಜತೆಗೆ ವಧೆಯ ಶುಲ್ಕವನ್ನೇ ನೆಚ್ಚಿದ್ದ ಕೆಹಿಲಾಗೆ. ಅದನ್ನು ತಿಳಿದು ಓದಿದರೆ ಈ ಪದ್ಧತಿಯ ಮಾಂಸ ಎಷ್ಟಿರಬಹುದು ಅನ್ನುವ ಕೋಟಾ ಲೆಕ್ಕದ ಕಾಗದವೂ ಸುಮ್ನೆ ಲೆಕ್ಕ ಅನ್ನಿಸುವುದಿಲ್ಲ.

ದೊಡ್ಡ ಕಟ್ಟಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವುಗಳ ಕಥೆ ಎಲ್ಲ ಕಡೆ ಸಿಗುತ್ತದೆ. ರಬ್ಬಿ ಮೇಯಿರ್ ಶಪಿರೊ ಕಟ್ಟಿಸಿದ ಯೆಶಿವಾ, ಅಂದರೆ ಧರ್ಮಶಾಸ್ತ್ರದ ವಿದ್ಯಾಪೀಠ, ಲುಬಾರ್ತೋವ್ಸ್ಕಾ ಬೀದಿಯಲ್ಲಿ 1930ರಲ್ಲಿ ತೆರೆಯಿತು. ವಿಚಾರದಲ್ಲಿ ಇದಕ್ಕೆ ಇನ್ನೊಂದು ತುದಿ ಅನ್ನಬಹುದಾದ, ಯಿದ್ದಿಶ್ ಶಾಲೆಗಾಗಿ ಎದ್ದ ಪೆರೆತ್ಸ್ ಭವನ 1939ರ ಸೆಪ್ಟೆಂಬರ್ 1ಕ್ಕೆ ಶುರುವಾಗಬೇಕಿತ್ತು. ಅವತ್ತೇ ಯುದ್ಧ ಬಂತು.

ಈ ಕಡತಗಳಲ್ಲಿ ಕಾಣದವರೂ ಇದ್ದಾರೆ. ಒಳಬಾಡಿಗೆಯ ಕೋಣೆಯಲ್ಲಿದ್ದ ದರ್ಜಿ, ಮನೆಯಲ್ಲೇ ಹೊಲಿಯುತ್ತಿದ್ದ ಹೆಂಗಸು ಯಾರಾದರೂ ದೂರು ಬರೆದರೆ ಮಾತ್ರ ಒಂದು ಸಹಿಯಾಗಿ ಬರುತ್ತಾರೆ. ಅದಕ್ಕೇ ದೂರಿನ ಕೆಳಗಿನ ಸಹಿಗಳನ್ನು ಒಂದೂ ಬಿಡದೆ ಬರೆದುಕೊಳ್ಳಿ. ಗ್ರೋದ್ಸ್ಕಾ ಬಾಗಿಲಿನಲ್ಲಿರುವ ಸಂಸ್ಥೆಯವರು ಯುದ್ಧದ ಹೊತ್ತಿಗೆ ಊರಿನಲ್ಲಿದ್ದ ಪ್ರತಿ ಯಹೂದಿಗೂ ಒಂದರಂತೆ ಸುಮಾರು 43,000 ಫೈಲ್ ಇಟ್ಟಿದ್ದಾರೆ. ಎಷ್ಟೋ ಫೈಲ್‌ಗಳಲ್ಲಿ ಇನ್ನೂ ಏನೂ ಇಲ್ಲ. ಒಂದು ಸಹಿ, ಪಕ್ಕದಲ್ಲಿ ಮನೆ ನಂಬರ್ ಮತ್ತು ವರ್ಷ ಇದ್ದರೆ ಅಂಥ ಒಬ್ಬರ ವಿಳಾಸವಾದರೂ ಸಿಕ್ಕಂತೆ. ನಾನೀಗ ಫುರ್ಮಾನ್ಸ್ಕಾ ಬೀದಿಯ ದೂರುಗಳನ್ನು ಹೀಗೆ ಇಳಿಸಿಕೊಳ್ಳುತ್ತಿದ್ದೇನೆ.