ಮ್ಯಾಕ್ರೋಫೇಜಿನೊಳಗಿನ ಸಾಲ್ಮೊನೆಲ್ಲಾ ಎಣಿಸಿದ ಬಗೆ: ನನ್ನ ಅನುಭವ

ರೋಗಾಣುಗಳನ್ನು ನುಂಗಿ ಕೊಲ್ಲುವುದೇ ಕೆಲಸವಾಗಿರುವ ಮ್ಯಾಕ್ರೋಫೇಜ್ ಕೋಶದೊಳಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಎಷ್ಟು ಉಳಿಯುತ್ತದೆ, ಎಷ್ಟು ಪಟ್ಟು ಹೆಚ್ಚುತ್ತದೆ ಎಂದು ಎಣಿಸುವುದು ಧಾರವಾಡದ ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ನಮ್ಮ ಬಳಿ ಇದ್ದವು ಇಲಿಯಿಂದ ಬಂದ ಕೋಶಗಳು. ಮನುಷ್ಯರಿಗೆ ಟೈಫಾಯಿಡ್ ತರುವ ಟೈಫಿ ಬಗೆಯು ಅವುಗಳಲ್ಲಿ ಹೆಚ್ಚು ಕಾಲ ಬಾಳುವುದಿಲ್ಲವಾದ್ದರಿಂದ, ಇಲಿಗಳಲ್ಲಿ ಟೈಫಾಯಿಡ್‌ನಂಥದೇ ಕಾಯಿಲೆ ತರುವ ಟೈಫಿಮ್ಯೂರಿಯಂ ಬಗೆಯನ್ನು ಆರಿಸಿಕೊಂಡೆ.

ಬ್ಯಾಕ್ಟೀರಿಯಾ ಯಾವ ವಯಸ್ಸಿನದು ಎಂಬುದು ಇಲ್ಲಿ ಬಹಳ ಮುಖ್ಯ. ಭರದಿಂದ ಬೆಳೆಯುತ್ತಿರುವ ಸಾಲ್ಮೊನೆಲ್ಲಾ ತನ್ನ ಕಶಾಂಗದ (ಈಜಲು ಬಳಸುವ ಬಾಲದ) ಪ್ರೋಟೀನಿನಿಂದಲೇ ಮ್ಯಾಕ್ರೋಫೇಜನ್ನು ಎಚ್ಚರಿಸಿ, ಅದು ಬೇಗನೆ ಒಡೆದು ಸಾಯುವಂತೆ ಮಾಡುತ್ತದೆ. ಕೋಶವೇ ಸತ್ತ ಮೇಲೆ ಒಳಗಿನದನ್ನು ಎಣಿಸುವುದೆಲ್ಲಿಂದ ಬಂತು? ಆದ್ದರಿಂದ ರಾತ್ರಿಯಿಡೀ ಬೆಳೆದು ನಿಂತ ಕಲ್ಚರನ್ನೇ ಬಳಸುತ್ತಿದ್ದೆ. ಕೋಶವೊಂದಕ್ಕೆ ಹತ್ತು ಬ್ಯಾಕ್ಟೀರಿಯಾಗಳ ಲೆಕ್ಕದಲ್ಲಿ ಹಾಕಿ, ಎಲ್ಲವೂ ಒಂದೇ ವೇಳೆಗೆ ಕೋಶಗಳ ಮೇಲೆ ಕೂರಲೆಂದು ಪ್ಲೇಟನ್ನು 5 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಅರ್ಧ ಗಂಟೆ 37 ಡಿಗ್ರಿಯಲ್ಲಿ ಇಡುತ್ತಿದ್ದೆ. ಅಡ್ಡಮಳೆಯ ದಿನಗಳಲ್ಲಿ ಸಂಜೆ ಕರೆಂಟು ಹೋಗುವುದು ರೂಢಿಯಾದ್ದರಿಂದ ಇನ್‌ಕ್ಯುಬೇಟರ್ ಯುಪಿಎಸ್ ಮೇಲೆಯೇ ಇರುತ್ತಿತ್ತು.

ಮುಂದಿನ ಹೆಜ್ಜೆಯೇ ಇಡೀ ವಿಧಾನದ ಜೀವಾಳ. ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೋಶದ ಪೊರೆಯನ್ನು ಸುಲಭವಾಗಿ ದಾಟಲಾರದು. ಹಾಗಾಗಿ ಮಿಲಿಲೀಟರಿಗೆ 100 ಮೈಕ್ರೋಗ್ರಾಂನಂತೆ ಒಂದು ಗಂಟೆ ಇಟ್ಟರೆ ಹೊರಗೆ ಉಳಿದವು ಸಾಯುತ್ತವೆ, ಒಳಹೊಕ್ಕವು ಉಳಿಯುತ್ತವೆ. ಆಮೇಲೆ ಪ್ರಮಾಣವನ್ನು ಇಳಿಸಲೇಬೇಕು, ಏಕೆಂದರೆ ಮ್ಯಾಕ್ರೋಫೇಜು ಸುತ್ತಲಿನ ದ್ರವವನ್ನು ಗುಟುಕು ಗುಟುಕಾಗಿ ಒಳಗೆಳೆದುಕೊಳ್ಳುತ್ತಲೇ ಇರುವುದರಿಂದ, ತೀವ್ರ ಔಷಧವು ಹೊತ್ತು ಕಳೆದಂತೆ ಒಳಗಿನವನ್ನೂ ಮುಟ್ಟಿಬಿಡುತ್ತದೆ. 2ನೇ ಗಂಟೆಗೆ ಪ್ಲೇಟಿನ ಕೆಲವು ಬಾವಿಗಳ (ಕೋಶಗಳನ್ನು ಬೆಳೆಸುವ ಪುಟ್ಟ ಕುಳಿಗಳ), 16ನೇ ಗಂಟೆಗೆ ಉಳಿದವುಗಳ ಕೋಶಗಳನ್ನು ಶೇ. 0.1ರ ಟ್ರೈಟಾನ್ ಎಂಬ ಮಾರ್ಜಕದಿಂದ ಒಡೆದು, ಹತ್ತು ಹತ್ತು ಪಟ್ಟು ತೆಳುವಾಗಿಸಿ ಅಗರ್ ಮೇಲೆ ಹರಡಿ, ಮೂಡಿದ ಕಾಲೊನಿಗಳನ್ನು ಎಣಿಸುತ್ತಿದ್ದೆ. ಒಡೆಯುವ ಮುನ್ನ ಕೊನೆಯ ಬಾರಿ ತೊಳೆದ ನೀರನ್ನೂ ಒಂದು ಪ್ಲೇಟಿಗೆ ಹಾಕುತ್ತಿದ್ದೆ. ಅದರಲ್ಲಿ ಕಾಲೊನಿಗಳು ಕಂಡರೆ ಆ ದಿನದ ಎಣಿಕೆಯನ್ನು ನಾನು ನಂಬುತ್ತಿರಲಿಲ್ಲ.

ನುಂಗಿದ ಬ್ಯಾಕ್ಟೀರಿಯಾ ಇರುವ ಕೋಶದೊಳಗಿನ ಗುಳ್ಳೆಯಲ್ಲಿ ಆಮ್ಲತೆ ಏರಿ ಮೆಗ್ನೀಸಿಯಂ ತಗ್ಗಿದ ಸುಳಿವನ್ನು ಸಾಲ್ಮೊನೆಲ್ಲಾದ ಫೋಪಿ–ಫೋಕ್ಯೂ ಎಂಬ ಪ್ರೋಟೀನು ಜೋಡಿ ಹಿಡಿಯುತ್ತದೆ. ಆಗ ಸಾಲ್ಮೊನೆಲ್ಲಾದ ಎರಡು ಸೂಜಿಯಂಥ ಪ್ರೋಟೀನು ಚುಚ್ಚುವ ಯಂತ್ರಗಳಲ್ಲಿ ಎರಡನೆಯದು ಸಜ್ಜಾಗಿ, ಗುಳ್ಳೆಯ ಪೊರೆಯಾಚೆಗೆ ಪ್ರೋಟೀನುಗಳನ್ನು ತಳ್ಳುತ್ತದೆ. ಫೋಪಿ ಜೀನ್ ಇಲ್ಲದ ತಳಿಯನ್ನು ಪಕ್ಕದ ಬಾವಿಗಳಲ್ಲಿ ಇಟ್ಟಾಗ, ಮೂಲ ತಳಿ ಹಲವು ಪಟ್ಟು ಹೆಚ್ಚಿದ್ದ ಹೊತ್ತಿಗೆ ಇದರ ಕಾಲೊನಿಗಳು ಇಳಿದಿರುತ್ತಿದ್ದವು.

ಹುಬ್ಬಳ್ಳಿಯಲ್ಲಿ ರಕ್ತದ ಕಲ್ಚರ್ ನೋಡುವ ಗೆಳೆಯರೊಬ್ಬರು ಈ ಲೆಕ್ಕವನ್ನು ಇನ್ನೊಂದು ತುದಿಯಿಂದ ಬಲ್ಲರು. ಟೈಫಾಯಿಡ್ ರೋಗಾಣುವಿನ ಪ್ಲೇಟಿನಲ್ಲಿ ಜೆಂಟಾಮೈಸಿನ್ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಸ್ವಚ್ಛ ವಲಯ ಕಂಡರೂ ಅವರು ವರದಿಯಲ್ಲಿ ಅದನ್ನು ಪರಿಣಾಮಕಾರಿ ಎಂದು ಬರೆಯುವುದಿಲ್ಲ. ರೋಗಿಯಲ್ಲಿ ಆ ರೋಗಾಣು ಅಡಗಿರುವುದು ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳ ಮ್ಯಾಕ್ರೋಫೇಜುಗಳಲ್ಲಿ. ಅಲ್ಲಿಗೆ ಕೋಶದೊಳಗೆ ಶೇಖರವಾಗುವ ಅಜಿತ್ರೋಮೈಸಿನ್‌ನಂಥ ಔಷಧವು ಚೆನ್ನಾಗಿ ತಲುಪಬಲ್ಲದು.